ಬಾಬಾಸಾಹೇಬರು ಕೈ ಎತ್ತಿದ್ದು

ಹೊಸವಾಡಿಯಲ್ಲಿ ದೀಪಾವಳಿ ಎಂದರೆ ಬಾಬಾಸಾಹೇಬರ ಮನೆಯ ಅಂಗಳ ಎಂದೇ ಅರ್ಥ. ಬೇಡಕಿಹಾಳದ ಆಚೆ, ಆಳೆತ್ತರ ಮೀರಿದ ಕಬ್ಬಿನ ನಡುವೆ ಅಡಗಿ ಕೂತಂಥ ಊರು ಅದು. ಪಾಡ್ಯದ ಸಂಜೆ ಎಮ್ಮೆಗಳ ಕೊಂಬಿಗೆ ಬಣ್ಣ ಬಳಿದು ಓಡಿಸುವ ಗದ್ದಲ ಮುಗಿದ ಮೇಲೆ ಜನ ತಮ್ಮ ಮನೆ ಸೇರುತ್ತಿರಲಿಲ್ಲ. ಚಾಪೆ ಸುತ್ತಿಕೊಂಡು, ಚುರುಮುರಿ ಕಟ್ಟಿಕೊಂಡು ಆ ಅಂಗಳದ ಮುಂದೆ ಬಂದು ಕೂಡುತ್ತಿದ್ದರು. ಬಾಬಾಸಾಹೇಬರು ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿ, ಊದಿನಕಡ್ಡಿ ಹಿಡಿದು ನಡುವೆ ನಿಂತರೆ ಎಪ್ಪತ್ತು ದಾಟಿದವರೆಂದು ಯಾರೂ ನಂಬುವಂತಿರಲಿಲ್ಲ. ಮೊದಲು ಹೂಕುಂಡ, ನೆಲಚಕ್ರ, ಆಮೇಲೆ ರಾಕೆಟ್ಟು, ಎಲ್ಲ ಮುಗಿದ ಮೇಲೆ ಸುತಳಿ ಬಾಂಬು. ಒಂದೊಂದು ಬಾಂಬು ಸಿಡಿದಾಗಲೂ ಅವರು ಕಣ್ಣು ಮುಚ್ಚಿ, ಮುಖ ಸ್ವಲ್ಪ ಮೇಲೆತ್ತಿ ನಿಲ್ಲುತ್ತಿದ್ದರು. ಉಳಿದವರು ಕಿವಿ ಮುಚ್ಚಿಕೊಳ್ಳುವ ಹೊತ್ತು ಅದು.

ಅವರ ಸೊಸೆ ಉಜ್ವಲಾ ರಾಯಬಾಗದ ಕಡೆಯವಳು. ತವರಿನಲ್ಲಿ ಹಬ್ಬಕ್ಕೆ ಹಣತೆ ಹಚ್ಚಿ, ಸುರುಸುರುಬತ್ತಿ ಹಿಡಿದರೆ ಮುಗಿಯುತ್ತಿತ್ತು. ಸೊಸೆಯಾಗಿ ಬಂದ ಮೊದಲ ವರ್ಷ, ಊರೆಲ್ಲ ನೋಡುತ್ತಿರುವಾಗ ಮಾವ ಅವಳನ್ನು ಕರೆದು ಊದಿನಕಡ್ಡಿ ಕೈಗಿತ್ತಿದ್ದರು. ಬತ್ತಿಗೆ ಕಿಡಿ ತಾಗಿದ್ದೇ ತಡ, ಅವಳು ಸೀರೆಯ ನೆರಿಗೆ ಎತ್ತಿಕೊಂಡು ಓಡಿ ಹೋಗಿ ಅತ್ತೆ ಶಿವಗಂಗವ್ವನ ಬೆನ್ನ ಹಿಂದೆ ನಿಂತಿದ್ದಳು. ಊರು ನಕ್ಕಿತು. ಬಾಬಾಸಾಹೇಬರು ಮಾತ್ರ ನಗದೆ, ಓಡಬೇಕಾದ ಹೊತ್ತಿಗೆ ಸರಿಯಾಗಿ ಓಡಿದಳು, ಇವಳಿಗೆ ಬುದ್ಧಿ ಇದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದರು. ಹೊಸ ಮನೆಯ ಹೆದರಿಕೆ ಅವಳಿಗೆ ಬಿಟ್ಟುಹೋದದ್ದು ಆ ಸಂಜೆಯೇ.

ಮುಂದೆ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಮಹಿಳೆಯರಿಗೆ ಮೀಸಲಾದಾಗ, ಯಾರ ಹೆಂಡತಿಯನ್ನು ನಿಲ್ಲಿಸಿ ಯಾರು ಕಾರಭಾರ ಮಾಡಬೇಕೆಂಬ ಮಾತು ಮನೆಮನೆಗಳಲ್ಲಿ ನಡೆಯಿತು. ಬಾಬಾಸಾಹೇಬರು ಮಗ ಸಿದ್ದಲಿಂಗನನ್ನು ಕರೆದು, ನಿಲ್ಲುವವಳು ಉಜ್ವಲಾ, ಗೆದ್ದರೆ ಕುರ್ಚಿಯ ಮೇಲೆ ಕೂಡುವವಳೂ ಅವಳೇ, ನೀನು ಮೋಟರ್‌ಸೈಕಲ್ ಹೊಡಿ ಸಾಕು ಎಂದರು. ಸಿದ್ದಲಿಂಗನಿಗೂ ಅದೇ ಬೇಕಿತ್ತು. ಕಬ್ಬು ಮತ್ತು ಟ್ರ್ಯಾಕ್ಟರು ಬಿಟ್ಟರೆ ಲೋಕದ ಉಳಿದ ಸಂಗತಿಗಳು ಅವನಿಗೆ ಬೇಸರ ತರುತ್ತಿದ್ದವು. ಹೀಗೆ ಉಜ್ವಲಾ ಹೊಸವಾಡಿಯ ಅಧ್ಯಕ್ಷೆಯಾದಳು.

ಹೋದ ವರ್ಷದ ಪಾಡ್ಯದಲ್ಲಿ ಒಂದು ರಾಕೆಟ್ಟು ನೇರ ಮೇಲೆ ಹೋಗುವ ಬದಲು ವಾಲಿಕೊಂಡು ಹೋಗಿ ಮಲಕಾರಿಯ ಕಬ್ಬಿನಲ್ಲಿ ಬಿತ್ತು. ರವದಿಗೆ, ಒಣಗಿ ಉದುರಿದ ಕಬ್ಬಿನ ಎಲೆಗೆ, ಬೆಂಕಿ ಹಿಡಿಯಲು ಎಷ್ಟು ಹೊತ್ತು ಬೇಕು? ಜನ ಹಸಿ ಬೇವಿನ ಟೊಂಗೆ, ನೀರಲ್ಲಿ ಅದ್ದಿದ ಗೋಣಿಚೀಲ ಹಿಡಿದು ಓಡಿದರು. ಎಲ್ಲರಿಗಿಂತ ಮುಂದೆ ಬಾಬಾಸಾಹೇಬರೇ ಇದ್ದರು. ಅವರ ಮೀಸೆಯ ಒಂದು ಬದಿ ಸುಟ್ಟು ಗುಂಗುರಾಯಿತು. ಬೆಂಕಿ ಆರುವ ಹೊತ್ತಿಗೆ ಹೊಲದ ಅರ್ಧಕ್ಕಿಂತ ಹೆಚ್ಚು ಕರಕಲಾಗಿತ್ತು. ಮರುದಿನವೇ ಅವರು ತಮ್ಮ ಹೊಲಕ್ಕೆ ಬಂದಿದ್ದ ಕಡಿಯುವ ಗ್ಯಾಂಗನ್ನು ಮಲಕಾರಿಯ ಹೊಲಕ್ಕೆ ಕಳಿಸಿ, ಸುಟ್ಟ ಕಬ್ಬು ಒಣಗುವ ಮುನ್ನ ಫ್ಯಾಕ್ಟರಿ ಮುಟ್ಟಿಸಿದರು. ರಾಕೆಟ್ಟು ಯಾರದೆಂದು ಯಾರೂ ಕೇಳಲಿಲ್ಲ. ಆ ರಾತ್ರಿ ಊರಲ್ಲಿ ರಾಕೆಟ್ಟು ಹಾರಿದ್ದು ಒಂದೇ ಅಂಗಳದಿಂದ ಎಂದು ಎಲ್ಲರಿಗೂ ಗೊತ್ತಿತ್ತು. ಮಲಕಾರಿ ಒಳ್ಳೆಯ ಮನುಷ್ಯ, ಒಂದು ಮಾತೂ ಆಡಲಿಲ್ಲ. ಆದರೆ ಅವನ ಹೆಂಡತಿ ನೀಲಮ ಬಾವಿಯ ಹತ್ತಿರ ಸಿಕ್ಕಾಗ ಉಜ್ವಲಾಳ ಮುಖ ನೋಡದೆ ಕೊಡ ಎತ್ತಿಕೊಂಡು ಹೋದಳು. ಅದು ಅಧ್ಯಕ್ಷೆಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಈ ವರ್ಷ ದಸರೆ ಮುಗಿಯುತ್ತಲೇ ಅವಳು ಗ್ರಾಮಸಭೆಯಲ್ಲಿ ಮಂಡಿಸಲು ಒಂದು ಠರಾವು ಸಿದ್ಧ ಮಾಡಿದಳು. ಕಿರಾಣಿ ಅಂಗಡಿಗಳಲ್ಲಿ ಎಣ್ಣೆ ಡಬ್ಬಿಯ ಪಕ್ಕದಲ್ಲೇ ಪಟಾಕಿ ಇಟ್ಟು ಮಾರುವುದು ನಿಲ್ಲಬೇಕು. ಊರ ಹೊರಗಿನ ಗಾಯರಾಣದಲ್ಲಿ, ದನ ಮೇಯುವ ಆ ಬಯಲಲ್ಲಿ, ಪರವಾನಗಿ ಇದ್ದ ಒಂದೇ ಅಂಗಡಿ ಇರಬೇಕು. ಹಾರಿಸುವುದೂ ಅಲ್ಲಿಯೇ, ಸರಕಾರ ಹೇಳಿದ ಹೊತ್ತಿನಲ್ಲೇ, ಹಸಿರು ಪಟಾಕಿಯನ್ನೇ. ಕಬ್ಬು ಕಟಾವಾಗುವವರೆಗೆ ರಾಕೆಟ್ಟು ಇಲ್ಲ, ಸುತಳಿ ಬಾಂಬು ಇಲ್ಲ. ಕಿರಾಣಿ ಶ್ರೇಣಿಕ ಒಂದೇ ಮಾತಿಗೆ ಒಪ್ಪಿದ. ಅಂಗಡಿಯ ಮೇಲಿನ ಅಟ್ಟದಲ್ಲೇ ಅವನ ಸಂಸಾರ ಮಲಗುತ್ತಿತ್ತು. ಕೆಳಗೆ ಪಟಾಕಿ ಇಟ್ಟ ದಿನಗಳಲ್ಲಿ ಅವನ ತಾಯಿ ಲಕ್ಷ್ಮಿಬಾಯಿ ಜೀವ ಕೈಯಲ್ಲಿ ಹಿಡಿದುಕೊಂಡೇ ಇರುತ್ತಿದ್ದಳು.

ಆದರೆ ಮಾವನಿಗೆ ಹೇಳುವುದು ಹೇಗೆ? ಒಂದು ಸಂಜೆ ಅವರು ಕುಸ್ತಿ ನೋಡುತ್ತ ಟಿವಿಯ ಮುಂದೆ ಕೂತಿದ್ದಾಗ ಉಜ್ವಲಾ ಪಕ್ಕದಲ್ಲಿ ನಿಂತು, ತಲೆ ತಗ್ಗಿಸಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಅವರು ಅವಳ ಕಡೆ ತಿರುಗಿ ನಕ್ಕು, ಆಗಲಿ ಬಿಡು ಎಂದರು. ಅಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ಅವಳಿಗೆ ಸಮಾಧಾನವಾಗುವ ಬದಲು ಅನುಮಾನವೇ ಆಯಿತು.

ಗ್ರಾಮಸಭೆಯ ದಿನ ಸಮುದಾಯ ಭವನ ತುಂಬಿತ್ತು. ನೀರಿನ ಟಾಕಿ, ಬೀದಿದೀಪ, ಗಟಾರು ಎಲ್ಲ ಮುಗಿದ ಮೇಲೆ ಪಿಡಿಒ ಹಾಲೇಶ ಪಟಾಕಿಯ ಠರಾವನ್ನು ಓದಿದ. ಕಿರುಗುಟ್ಟುವ ಮೈಕು, ಅವನ ಗಡಿಬಿಡಿಯ ಸರಕಾರಿ ಕನ್ನಡ. ಎಲ್ಲರೂ ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿ ಕೂತ ಬಾಬಾಸಾಹೇಬರನ್ನೇ ನೋಡಿದರು. ಉಜ್ವಲಾಳೂ ನೋಡಿದಳು. ಮಾವ ಅವಳನ್ನೇ ದಿಟ್ಟಿಸಿದರು. ಆಮೇಲೆ ನಿಧಾನವಾಗಿ, ಇಡೀ ಸಭೆಗೆ ಕಾಣುವಂತೆ, ಬಲಗೈ ಎತ್ತಿದರು.

ಮುಂದೆ ಕೇಳುವುದೇನಿದೆ, ಸಭೆಯ ಕೈಗಳೆಲ್ಲ ಮೇಲೆದ್ದವು. ಅವರ ಹಳೆಯ ಗೆಳೆಯ ತಾತ್ಯಾಸಾಹೇಬರು ಎದ್ದು ನಿಂತು, ಸೊಸೆಗಾಗಿ ತನ್ನ ಹಬ್ಬವನ್ನೇ ಬಿಟ್ಟುಕೊಟ್ಟ ಇಂಥ ಹಿರಿಯರು ಯಾವ ಊರಿನಲ್ಲಿದ್ದಾರೆ ಎಂದು ಭಾಷಣವನ್ನೇ ಮಾಡಿದರು. ಬಾಬಾಸಾಹೇಬರು ಗಂಭೀರವಾಗಿ ತಲೆದೂಗಿದರು. ಉಜ್ವಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುದಿನ ಬಾವಿಯ ಹತ್ತಿರ ನೀಲಮ ತಾನಾಗಿಯೇ ಬಂದು ಅವಳ ಕೊಡಕ್ಕೆ ಕೈ ಹಚ್ಚಿದಳು.

ಹಬ್ಬ ಎರಡು ದಿನ ಇರುವಾಗ ನಿಪ್ಪಾಣಿಯಿಂದ ಒಂದು ಟೆಂಪೊ ಬಂದು ಮನೆಯ ಮುಂದೆ ನಿಂತಿತು. ಬಾಬಾಸಾಹೇಬರು ಇಳಿದು ಪೆಟ್ಟಿಗೆಗಳನ್ನು ಪಡಸಾಲೆಯಲ್ಲಿ ಒಟ್ಟತೊಡಗಿದರು. ಹಾಲು ಹಿಂಡಿ ಬಂದ ಉಜ್ವಲಾ ಹೊಸ್ತಿಲಲ್ಲೇ ನಿಂತಳು. ರಾಕೆಟ್ಟಿನ ಕಟ್ಟುಗಳು. ಕೆಂಪು ಕಾಗದದಲ್ಲಿ ಸುತ್ತಿದ ಸುತಳಿ ಬಾಂಬು, ಹೋದ ವರ್ಷದ್ದಕ್ಕಿಂತ ದೊಡ್ಡವು. ಅವಳ ಮೈ ಉರಿದುಹೋಯಿತು. ಸಭೆಯಲ್ಲಿ ಕೈ ಎತ್ತಿ ಹೊಗಳಿಸಿಕೊಂಡು, ಈಗ ಅಧ್ಯಕ್ಷೆಯ ಮನೆಯೊಳಗೇ ಇದನ್ನೆಲ್ಲ ತಂದು ಪೇರಿಸುವುದೆಂದರೆ?

"ಮಾವಾರ, ಇದೇನ್ರಿ?" ಎಂದಳು.

ಅವರು ಬೆನ್ನು ಮಾಡಿಕೊಂಡೇ ಪೆಟ್ಟಿಗೆ ಜೋಡಿಸುತ್ತಿದ್ದರು. ಮತ್ತೊಮ್ಮೆ, ಸ್ವಲ್ಪ ದನಿಯೇರಿಸಿ ಕೇಳಿದಳು. ಉತ್ತರವಿಲ್ಲ. ಬೇಕೆಂದೇ ಮಾಡುತ್ತಿದ್ದಾರೆ ಎಂದುಕೊಂಡಳು. ಆದರೆ ಆ ಬೆನ್ನಿನಲ್ಲಿ ಸಿಟ್ಟಿನ ಬಿಗಿ ಇರಲಿಲ್ಲ. ತನ್ನಷ್ಟಕ್ಕೆ ಸಂತೋಷವಾಗಿದ್ದ ಬೆನ್ನು ಅದು. ಅವಳಿಗೆ ಏನೋ ಹೊಳೆದಂತಾಯಿತು.

"ಎಮ್ಮಿ ಹಗ್ಗ ಹರಕೊಂಡು ಕಬ್ಬಿನ್ಯಾಗ ಹೊಕ್ಕೈತ್ರಿ," ಎಂದಳು.

ಎಮ್ಮೆ ಎಂದರೆ ಊಟದ ತಾಟು ಬಿಟ್ಟು ಓಡುವ ಮನುಷ್ಯ ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವಳ ನೆರಳು ಕಂಡು ತಿರುಗಿ, ಮುಖವೆಲ್ಲ ಹಿಗ್ಗಿಸಿಕೊಂಡು, "ಬಾ ಯವ್ವಾ, ನೋಡ, ಈ ಸಲ ಭೀಮಗೊಂಡ ಎಂಥಾ ಮಾಲ್ ಕೊಟ್ಟಾನ," ಎಂದರು. ಭೀಮಗೊಂಡ ನಿಪ್ಪಾಣಿಯಲ್ಲಿ ಅವರಿಗೆ ವರ್ಷಾವರ್ಷ ಪಟಾಕಿ ಕೊಡುವ ವ್ಯಾಪಾರಿ.

ಉಜ್ವಲಾ ಹಾಲಿನ ಪಾತ್ರೆ ಹಿಡಿದುಕೊಂಡು ಸೀದಾ ಅಡಿಗೆಮನೆಗೆ ಹೋದಳು. ಒಂದೊಂದೇ ನೆನಪಾಗತೊಡಗಿತು. ಮಂಡಿನೋವೆಂದು ಅವರು ಭಜನೆಗೆ ಹೋಗುವುದು ಬಿಟ್ಟದ್ದು. ಮೊಬೈಲು ಎಂದರೆ ರೋಗ ಎಂದು ಮಗನ ಕೈಗೆ ಎಸೆದದ್ದು. ಮಾತು ಕೇಳುವ ಅಗತ್ಯವೇ ಇಲ್ಲದ ಕುಸ್ತಿಯನ್ನೇ ಯಾವಾಗಲೂ ನೋಡುವುದು. ತಾನು ತಲೆ ತಗ್ಗಿಸಿ ಹೇಳಿದ ಮಾತಿಗೆ ಅವರು ನಕ್ಕು, ಆಗಲಿ ಬಿಡು ಎಂದದ್ದು.

ಶಿವಗಂಗವ್ವ ಕರ್ಚಿಕಾಯಿಗೆ ಹಿಟ್ಟು ನಾದುತ್ತಿದ್ದಳು. ಊರಿಗೇ ದೊಡ್ಡ ಗಂಟಲಿನ ಹೆಂಗಸು. ಅವಳು ಗಂಡನಿಗೆ ಊಟಕ್ಕೆ ಬನ್ನಿ ಎಂದರೆ ಮೂರು ಓಣಿಗೆ ಕೇಳುತ್ತಿತ್ತು. ಈ ಬಾಯಿಯ ಬಗ್ಗೆ ಉಜ್ವಲಾ ತವರಿಗೆ ಫೋನು ಮಾಡಿದಾಗಲೆಲ್ಲ ತಾಯಿಯ ಹತ್ತಿರ ಗೋಳಾಡಿಕೊಂಡಿದ್ದುಂಟು. ಈಗ ಅವಳು ಅತ್ತೆಯ ಪಕ್ಕದಲ್ಲಿ ಕೂತು, ಮಾವನಿಗೆ ಕಿವಿ ಕೇಳುವುದಿಲ್ಲವೇ ಎಂದು ನೇರವಾಗಿ ಕೇಳಿದಳು.

ಶಿವಗಂಗವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಉಜ್ವಲಾ ಕೇಳಿದ್ದು ಅದೇ ಮೊದಲು.

"ನಿನಗೂ ತಿಳೀತೇನು? ಯಾರ್ ಮುಂದೂ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸ್ಕೊಂಡಾರ. ಕಿವುಡ ಅಂತ ತಿಳದ್ರ ಮಂದಿ ಪಂಚಾಯ್ತಿಗೆ ಕರಿಯಂಗಿಲ್ಲ, ಮಗಾ ಹೊಲದ ಮಾತ ಹೇಳಂಗಿಲ್ಲ ಅಂತ ಅವರಿಗೆ ಅಂಜಿಕಿ. ಅವರಿಗೆ ಮುಟ್ಟಲಿ ಅಂತ ಚೀರಿ ಚೀರಿ ನನ್ನ ದನೀನ ಹಿಂಗಾತು. ಮದಿವಿ ಆಗಿ ಬಂದಾಗ ನಾ ಮಾತಾಡಿದ್ರ ಬಾಜೂ ಖೋಲ್ಯಾಗ ಕೇಳತಿರಲಿಲ್ಲ."

ಉಜ್ವಲಾ ಅತ್ತೆಯ ಕೈಯಿಂದ ಹಿಟ್ಟಿನ ಪರಾತ ತನ್ನ ಕಡೆ ಎಳೆದುಕೊಂಡು ನಾದತೊಡಗಿದಳು. ಕಣ್ಣೀರು ಹಿಟ್ಟಿಗೆ ಬಿದ್ದೀತೆಂದು ಮುಖ ಪಕ್ಕಕ್ಕೆ ಹಿಡಿದಿದ್ದಳು.

ಮರುದಿನ ಬೆಳಿಗ್ಗೆ ಬಾಬಾಸಾಹೇಬರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಉಜ್ವಲಾ ಎದುರಿಗೆ ಬಂದು ಕೂತು, ಅವರಿಗೆ ತನ್ನ ತುಟಿ ಕಾಣುವಂತೆ ಮುಖವೆತ್ತಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ಸಭೆಯಲ್ಲಿ ಓದಿದ್ದು ಏನೆಂದು ಹೇಳಿದಳು. ಗಾಯರಾಣ, ರಾಕೆಟ್ಟು, ಸುತಳಿ ಬಾಂಬು ಎಲ್ಲ ಹೇಳಿದಳು. ಅವರ ಮುಖದ ಬಣ್ಣ ಇಳಿಯುತ್ತ ಬಂತು. ಒಮ್ಮೆ ಒಳಗೆ ಪಡಸಾಲೆಯ ಪೆಟ್ಟಿಗೆಗಳ ಕಡೆ, ಒಮ್ಮೆ ಅವಳ ಕಡೆ ನೋಡಿದರು. ತಾನು ಮೊದಲೇ ಎದುರಿಗೆ ಕೂತು ಸರಿಯಾಗಿ ಹೇಳಬೇಕಿತ್ತು, ತಪ್ಪಾಯಿತು, ಬೇಕಾದರೆ ಮತ್ತೆ ಸಭೆ ಕರೆದು ಸುತಳಿ ಬಾಂಬಿನ ಮಾತು ತೆಗೆಸುತ್ತೇನೆ ಎಂದಳು.

ಬಾಬಾಸಾಹೇಬರು ಓಣಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು.

"ಹಾಲೇಶ ಏನ್ ಓದಿದ್ನೋ ನನಗ ಒಂದೂ ಕೇಳಲಿಲ್ಲ. ನೀ ನನ್ನ ಕಡೆ ನೋಡಿದಿ. ನಿನಗ ಒಂದ್ ಕೈ ಬೇಕಾಗೇತಿ ಅಂತ ತಿಳೀತು. ಎತ್ತಿದೆ."

ಉಜ್ವಲಾ ಇನ್ನಷ್ಟು ಹತ್ತಿರಕ್ಕೆ ಸರಿದು ಕೂತಳು.

ಅವರೇ ಮುಂದುವರಿಸಿದರು. ಭಜನೆ ಹೋಯಿತು, ಹಕ್ಕಿಪಕ್ಕಿ ಹೋದವು, ಮನೆಯ ಮಾತುಗಳೆಲ್ಲ ಕಂಬಳಿಯೊಳಗಿಂದ ಬಂದ ಹಾಗೆ ಬರುತ್ತವೆ. ಆ ಬಾಂಬೊಂದು ಮಾತ್ರ ಪೂರ್ತಿಯಾಗಿ ಕೇಳುತ್ತದೆ. ಕಿವಿಗಲ್ಲ, ಎದೆಗೆ ಬಂದು ಬಡಿಯುತ್ತದೆ. ವರ್ಷಕ್ಕೊಮ್ಮೆ ಆ ಸಂಜೆ ತಾನು ಎಲ್ಲರ ಹಾಗೆ ಇರುತ್ತೇನೆ. ಅದಕ್ಕೇ ಪ್ರತಿ ವರ್ಷ ಇನ್ನೂ ದೊಡ್ಡದನ್ನು ತರುವುದು. ಇಷ್ಟನ್ನು ಅವರು ಬೇರೆ ಯಾರದೋ ಸುದ್ದಿ ಹೇಳುವವರಂತೆ ಹೇಳಿದರು.

ಹಾಗಿದ್ದರೆ ಮಿರಜಿಗೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸೋಣ, ಈಗ ಸಣ್ಣ ಸಣ್ಣ ಮಷಿನು ಬಂದಿವೆ ಎಂದಳು ಉಜ್ವಲಾ. ಅವರು ಅಡ್ಡಡ್ಡ ತಲೆಯಾಡಿಸಿದರು. ಕಿವಿಯಲ್ಲಿ ಮಷಿನು ಸಿಕ್ಕಿಸಿಕೊಂಡು ಊರಲ್ಲಿ ತಿರುಗುವ ದಿನ ಇನ್ನೂ ಬಂದಿಲ್ಲವಂತೆ. ಸಭೆಯನ್ನು ಮತ್ತೆ ಕರೆಯುವುದಕ್ಕೂ ಅವರು ಒಪ್ಪಲಿಲ್ಲ.

"ಮಲಕಾರಿ ಕಬ್ಬ ಸುಟ್ಟಿದ್ದು ನಾ ಮರತಿಲ್ಲ. ಕೇಳಿಸಿದ್ರೂ ಕೈ ಎತ್ತತಿದ್ದೆ, ಯವ್ವಾ. ಸ್ವಲ್ಪ ತಡಾ ಆಗತಿತ್ತು, ಅಷ್ಟ."

ಇನ್ನು ಆ ಪೆಟ್ಟಿಗೆಗಳ ಪಾಡು. ತಿರುಗಿ ನಿಪ್ಪಾಣಿಗೆ ಒಯ್ದರೆ ಭೀಮಗೊಂಡನಿಗೆ ಕಾರಣ ಹೇಳಬೇಕು. ಮನೆಯಲ್ಲಿಟ್ಟರೆ ಅಧ್ಯಕ್ಷೆಯ ಮನೆಯೇ ಠರಾವು ಮುರಿದಂತೆ. ಮಧ್ಯಾಹ್ನ ಊರು ಊಟ ಮಾಡಿ ಅಡ್ಡಾದಾಗ ಮಾವ ಸೊಸೆ ಇಬ್ಬರೂ ಹಿತ್ತಲಿನ ಹಳೆಯ ಡ್ರಮ್ಮಿಗೆ ನೀರು ತುಂಬಿ ಅದರಲ್ಲಿ ಪಟಾಕಿ ಮುಳುಗಿಸತೊಡಗಿದರು. ಬಾಂಬುಗಳು ಸುಮ್ಮನೆ ತಳಕ್ಕೆ ಹೋದವು. ರಾಕೆಟ್ಟುಗಳು ಮಾತ್ರ ಕಡ್ಡಿ ಮೇಲೆ ಮಾಡಿಕೊಂಡು ತೇಲಿ ತೇಲಿ ಬಂದವು. ಬಾಬಾಸಾಹೇಬರು ಅವುಗಳನ್ನು ಕೋಲಿನಿಂದ ಒತ್ತಿ ಹಿಡಿದು, ಹಟಮಾರಿ ಕರುವಿಗೆ ಬೈದ ಹಾಗೆ ಬೈದರು. ಉಜ್ವಲಾಳಿಗೆ ನಗು ತಡೆಯಲಾಗಲಿಲ್ಲ. ಅವಳು ನಗುವುದು ನೋಡಿ ಅವರೂ ನಕ್ಕರು. ಅಷ್ಟರಲ್ಲಿ ಶಿವಗಂಗವ್ವ ಹಿತ್ತಲಿಗೆ ಬಂದು, ಇಬ್ಬರೂ ಸೇರಿ ಏನು ನಡೆಸಿದ್ದೀರಿ ಎಂದು ಮೂರು ಓಣಿಗೆ ಕೇಳುವಂತೆ ಕೇಳಿದಳು. ಇಬ್ಬರೂ ಒಟ್ಟಿಗೆ ಬಾಯಿಯ ಮೇಲೆ ಬೆರಳಿಟ್ಟರು.

ಪಾಡ್ಯದ ಸಂಜೆ ಊರಿಗೆ ಊರೇ ಗಾಯರಾಣಕ್ಕೆ ಹೋಯಿತು. ಒಂದು ಬದಿಗೆ ಶ್ರೇಣಿಕನ ತಗಡಿನ ಅಂಗಡಿ, ಅದರ ಪಕ್ಕದಲ್ಲಿ ಉಸುಕಿನ ಬಕೆಟ್ಟು, ಪಂಚಾಯಿತಿಯ ನೀರಿನ ಟ್ಯಾಂಕರು. ಕಬ್ಬು ದೂರದಲ್ಲಿ ಕಪ್ಪಗೆ ನಿಂತಿತ್ತು. ಮಲಕಾರಿ, ನೀಲಮ ಇಬ್ಬರೂ ಚಾಪೆ ಹಾಸಿಕೊಂಡು ನಿಶ್ಚಿಂತೆಯಿಂದ ಚುರುಮುರಿ ತಿನ್ನುತ್ತಿದ್ದರು. ಬಾಬಾಸಾಹೇಬರು ರುಮಾಲು ಸುತ್ತಿ, ಕೋಲು ಹಿಡಿದು ಇಡೀ ಬಯಲು ತಿರುಗುತ್ತಿದ್ದರು. ಠರಾವಿಗೆ ಮೊದಲ ಕೈ ಎತ್ತಿದವರು ತಾವಲ್ಲವೇ? ಯಾರೋ ಹೊಗಳಿದರೆ ಗಂಭೀರವಾಗಿ ತಲೆದೂಗುತ್ತಿದ್ದರು. ಯಾವ ಮಾತಿಗೆ ತಲೆದೂಗಬೇಕೆಂಬುದು ಅವರಿಗೆ ಅಷ್ಟು ವರ್ಷಗಳಲ್ಲಿ ಚೆನ್ನಾಗಿ ರೂಢಿಯಾಗಿತ್ತು.

ಆಗ ಅವರ ಅಣ್ಣನ ಮಗ ದುಂಡೇಶ ಗೆಳೆಯರೊಂದಿಗೆ ಜೀಪಿನಲ್ಲಿ ಬಂದ. ಬರುವಾಗ ರಾಕೆಟ್ಟು ತಂದಿದ್ದ. ಖಾಲಿ ಬಾಟಲಿ ನೆಲದಲ್ಲಿ ಊರಿ ಒಂದನ್ನು ನಿಲ್ಲಿಸಿಯೂ ಬಿಟ್ಟ. ಉಜ್ವಲಾ ಅಲ್ಲಿಗೆ ಓಡುವ ಮೊದಲೇ ಬಾಬಾಸಾಹೇಬರು ಹೋಗಿ ಆ ಬಾಟಲಿಯ ಮುಂದೆ ನಿಂತರು. ದುಂಡೇಶ ವಾದ ಶುರುಮಾಡಿದ. ಇದು ಕುರುಂದವಾಡದಲ್ಲಿ, ಮಹಾರಾಷ್ಟ್ರದ ಹದ್ದಿನಲ್ಲಿ ಕೊಂಡದ್ದು, ಹೊಸವಾಡಿಯ ಠರಾವಿಗೆ ಇದು ಬರುವುದಿಲ್ಲ. ಗಾಳಿಯೂ ಮಹಾರಾಷ್ಟ್ರದ ಕಡೆಗೇ ಬೀಸುತ್ತಿದೆ. ಒಂದೇ ಒಂದು ಹಾರಿಸಿದರೆ ಯಾರ ಗಂಟು ಹೋಗುತ್ತದೆ? ಕನ್ನಡದಲ್ಲಿ ಹೇಳಿದ, ಮರಾಠಿಯಲ್ಲಿ ಹೇಳಿದ. ಬಾಬಾಸಾಹೇಬರು ಪ್ರೀತಿಯಿಂದ ನಗುತ್ತ ಅವನ ಮುಖವನ್ನೇ ನೋಡಿದರು, ನಿಂತ ಜಾಗದಿಂದ ಕದಲಲಿಲ್ಲ. ಗೆಳೆಯರೂ ಸರದಿಯ ಮೇಲೆ ಬಂದು ಹೇಳಿದರು. ಅವರಿಗೂ ಅದೇ ನಗು ಸಿಕ್ಕಿತು. ಕೊನೆಗೆ ದುಂಡೇಶ ಬಾಟಲಿ ಕಿತ್ತುಕೊಂಡು, ರಾಕೆಟ್ಟುಗಳನ್ನು ಜೀಪಿನಲ್ಲಿ ಹಾಕಿ, ಕಾಕಾನ ಮುಂದೆ ಯಾವ ಮಾತೂ ನಡೆಯುವುದಿಲ್ಲ ಎಂದು ಉಜ್ವಲಾಳಿಗೆ ದೂರು ಹೇಳಿ, ಶ್ರೇಣಿಕನ ಅಂಗಡಿಯಿಂದ ಹೂಕುಂಡ ಕೊಂಡು ತಂದ. ಉಜ್ವಲಾ ನಗು ನುಂಗಿಕೊಂಡಳು.

ಕತ್ತಲು ಪೂರ್ತಿ ಇಳಿದಾಗ ಬಯಲ ತುಂಬ ಹೂಕುಂಡಗಳು ಅರಳಿದವು. ಬಾಬಾಸಾಹೇಬರು ದಣಿದು ಚಾಪೆಯ ಮೇಲೆ ಬಂದು ಕೂತರು. ಬೆಳಕು ಅವರ ಮುಖದ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಅವರ ಪಾಲಿಗೆ ಅದೆಲ್ಲ ಸದ್ದಿಲ್ಲದ ಬೆಳಕು ಎಂಬುದು ಆ ಬಯಲಿನಲ್ಲಿ ಗೊತ್ತಿದ್ದವರು ಇಬ್ಬರೇ ಹೆಂಗಸರು. ಉಜ್ವಲಾ ಅವರ ಪಕ್ಕಕ್ಕೆ ಬಂದು ಕೂತಳು. ಎದುರಿಗೆ ಅವಳ ಮಗಳು ಸೌಂದರ್ಯಾ ಎರಡೂ ಕೈಯಲ್ಲಿ ಸುರುಸುರುಬತ್ತಿ ತಿರುವುತ್ತ ಇವರ ಕಡೆ ನೋಡಿ ಏನೋ ಕೂಗುತ್ತಿದ್ದಳು.

"ಏನಂತ ಒದರಾಕತ್ತಾಳ ಆಕಿ?" ಎಂದು ಕೇಳಿದರು ಬಾಬಾಸಾಹೇಬರು. ಹಾಗೆ ಅವರು ಯಾರನ್ನೂ ಕೇಳಿದ್ದಿಲ್ಲ.

ಉಜ್ವಲಾ ಅವರ ಕಿವಿಯ ಹತ್ತಿರ ಬಾಗಿ ಹೇಳಿದಳು. "ಅಜ್ಜಾ ನೋಡ, ಅಜ್ಜಾ ನೋಡ ಅನ್ನಾಕತ್ತಾಳ್ರಿ."

ಅವರು ಮೊಮ್ಮಗಳ ಕಡೆ ಕೈ ಬೀಸಿದರು. ಎರಡೂ ಸುರುಸುರುಬತ್ತಿ ಆರುವವರೆಗೆ ಬೀಸುತ್ತಲೇ ಇದ್ದರು. ಆಮೇಲೆ, "ಮಿರಜಿಗೆ ಯಾವಾಗ ಹೋಗೂನು?" ಎಂದರು.

ಹಬ್ಬದ ಮರುವಾರ ಹೋದರು. ಊರಿಗೆಲ್ಲ ಶಿವಗಂಗವ್ವನ ಮಂಡಿ ತೋರಿಸಲಿಕ್ಕೆ ಎಂದು ಹೇಳಿ ಅವಳನ್ನೂ ಕರೆದುಕೊಂಡು ಹೋದರು. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಪೂರ್ತಿ ಮೊದಲಿನಂತಾಗುವುದಿಲ್ಲ, ಆದರೆ ಸಾಕಷ್ಟು ಕೇಳುತ್ತದೆ ಎಂದರು. ಮತ್ತೊಂದು ದಿನ ಹೋದಾಗ ಕಿವಿಯ ಹಿಂದೆ ಕಂಡೂ ಕಾಣದಷ್ಟು ಸಣ್ಣ ಮಷಿನು ಕೂರಿಸಿ ಕಳಿಸಿದರು. ರುಮಾಲು ಸ್ವಲ್ಪ ಕೆಳಗೆ ಸುತ್ತಿದರೆ ಅದು ಮುಚ್ಚಿಯೇ ಹೋಗುತ್ತಿತ್ತು.

ದವಾಖಾನೆಯ ಹೊರಗೆ ರಸ್ತೆಯ ಗದ್ದಲಕ್ಕೆ ಬಾಬಾಸಾಹೇಬರು ಬೆದರಿ ಉಜ್ವಲಾಳ ತೋಳು ಹಿಡಿದರು. ರಿಕ್ಷಾ, ಬಸ್ಸಿನ ಹಾರ್ನು, ಹಣ್ಣು ಮಾರುವವರ ಕೂಗು, ಯಾರದೋ ಚಪ್ಪಲಿಯ ಸಪ್ಪಳ ಎಲ್ಲ ಒಮ್ಮೆಲೇ ಅವರ ಮೇಲೆ ಬಿದ್ದಿತ್ತು. ಅವಳು ಇಬ್ಬರನ್ನೂ ಪಕ್ಕದ ಹೋಟೆಲ್ಲಿಗೆ ಕರೆದೊಯ್ದು ಮೂಲೆಯ ಬಾಕಿನ ಮೇಲೆ ಕೂರಿಸಿ ಚಹಾ ಹೇಳಿದಳು. ಅವರು ಬಸಿಗೆ ಚಹಾ ಸುರುವಿಕೊಂಡು, ಬಾಯಿಗಿಟ್ಟು, ಒಂದು ಗುಟುಕು ಎಳೆದರು. ಎಳೆದವರೇ ಬೆಚ್ಚಿ ಸುತ್ತ ನೋಡಿದರು. ಮತ್ತೊಂದು ಗುಟುಕು ಎಳೆದು ಬಸಿಯನ್ನು ಮೆಲ್ಲಗೆ ಕೆಳಗಿಟ್ಟರು.

"ನಾ ಚಾ ಕುಡದ್ರ ಇಷ್ಟ ಸಪ್ಪಳ ಆಗತೈತೇನು?" ಎಂದರು. "ಇಷ್ಟ ವರ್ಷ ಯಾರೂ ಯಾಕ ಹೇಳಲಿಲ್ಲ?"

ಶಿವಗಂಗವ್ವ ನಕ್ಕಳು. ಉಜ್ವಲಾಳೂ ನಕ್ಕಳು. ಬಾಬಾಸಾಹೇಬರು ತಲೆಯನ್ನು ಒಂದು ಬದಿಗೆ ವಾಲಿಸಿ, ಇಬ್ಬರ ನಗುವನ್ನೂ ಸ್ವಲ್ಪ ಹೊತ್ತು ಕೇಳುತ್ತ ಕೂತರು. ಆಮೇಲೆ ಬಸಿ ಎತ್ತಿಕೊಂಡು ಉಳಿದ ಚಹಾವನ್ನು ಸಪ್ಪಳವಾಗದಂತೆ ಕುಡಿಯಲು ನೋಡಿದರು. ಅದು ಆಗಲಿಲ್ಲ.